ಶ್ರವಣಕುಮಾರನ ಹೆಗಲು ನೋಯಲಿಲ್ಲವೇ?

ಶ್ರವಣಕುಮಾರನ ಕಥೆ ಗೊತ್ತಿಲ್ಲದ ಕನ್ನಡಿಗ ಸಿಗೋದು ಕಷ್ಟ. ಕಣ್ಣು ಕಾಣದ ಅಪ್ಪ-ಅಮ್ಮನನ್ನು ಕಾವಡಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದ ಮಗ. ಅಜ್ಜಿಯರು ಈ ಕಥೆ ಹೇಳುವಾಗ ಎಲ್ಲವನ್ನೂ ಹೇಳ್ತಾರೆ. ಕೊಡಕ್ಕೆ ನೀರು ತುಂಬುವ ಬುಡುಬುಡು ಶಬ್ದ, ದಶರಥನ ಬಾಣ, ಮುದಿ ತಂದೆಯ ಶಾಪ. ಹೇಳದೇ ಬಿಡೋದು ಒಂದೇ. ಇಬ್ಬರು ದೊಡ್ಡವರನ್ನು ಹೊತ್ತ ಆ ಹುಡುಗನ ಹೆಗಲು ಏನಾಗಿತ್ತು? ರಾತ್ರಿ ಅವನಿಗೆ ನಿದ್ದೆ ಬರ್ತಿತ್ತಾ? "ಇವತ್ತೊಂದು ದಿನ ನೀನು ಹೊರು" ಅನ್ನೋದಕ್ಕೆ ಒಬ್ಬ ತಮ್ಮನಾದರೂ ಇದ್ದನಾ? ಕಥೆಯ ಕೊನೆಯನ್ನು ಸ್ವಲ್ಪ ಗಮನಿಸಿ ನೋಡಿ. ಬಾಣ ತಗುಲಿದ್ದು ಶ್ರವಣನೊಬ್ಬನಿಗೆ. ಸತ್ತದ್ದು ಮೂವರು. ಹೊತ್ತವನು ಬಿದ್ದರೆ ಹೊತ್ತುಕೊಂಡವರೂ ಉಳಿಯೋದಿಲ್ಲ.

ಇವತ್ತು ನಾನು ಮಾತಾಡಬೇಕು ಅಂತಿರೋದು ಆ ಹೆಗಲಿನ ಬಗ್ಗೆ.

ಟಿವಿಯಲ್ಲಿ ನೀವು ಇಂಥ ಸುದ್ದಿ ಎಷ್ಟು ನೋಡಿಲ್ಲ? ಹೆತ್ತ ತಾಯಿಯನ್ನು ಬಸ್ ಸ್ಟ್ಯಾಂಡಿನಲ್ಲಿ ಬಿಟ್ಟುಹೋದ ಮಗ, ಆಸ್ತಿ ಬರೆಸಿಕೊಂಡು ಅಪ್ಪನನ್ನು ಮನೆಯಿಂದ ಆಚೆ ಹಾಕಿದ ಮಗಳು. ಅದು ಸುದ್ದಿ. ತೋರಿಸ್ತೀವಿ, ನೀವೂ ನೋಡಿ ಹಲ್ಲು ಕಡಿತೀರಿ. ಆದರೆ ಅದೇ ಬೀದಿಯಲ್ಲಿ ಏಳು ವರ್ಷದಿಂದ ಹಾಸಿಗೆ ಹಿಡಿದ ಅತ್ತೆಯ ಡಯಾಪರ್ ಬದಲಿಸ್ತಾ ಇರೋ ಸೊಸೆ ಸುದ್ದಿ ಆಗೋದಿಲ್ಲ. ಬಿಟ್ಟುಹೋದವರು ಸುದ್ದಿ, ಬಿಟ್ಟುಹೋಗದವರು ಸುದ್ದಿಯಲ್ಲ. ಲೆಕ್ಕ ಹಾಕಿದರೆ ಬಿಟ್ಟುಹೋಗದವರೇ ನೂರು ಪಟ್ಟು ಜಾಸ್ತಿ ಇದ್ದಾರೆ ಅನ್ನೋದು ನಿಮಗೂ ಗೊತ್ತು, ನನಗೂ ಗೊತ್ತು.

ಒಂದು ಸಾಮಾನ್ಯ ಮನೆ ತಗೊಳ್ಳಿ. ಮನೆಯ ಯಜಮಾನರಿಗೆ ಸ್ಟ್ರೋಕ್ ಆಗುತ್ತೆ. ಆಸ್ಪತ್ರೆ, ಐಸಿಯು, ಸಾಲ, ಓಡಾಟ. ಮೊದಲ ಹದಿನೈದು ದಿನ ನೆಂಟರೆಲ್ಲ ಬರ್ತಾರೆ. ಎಳನೀರು, ಸೇಬು, ಧೈರ್ಯದ ಮಾತು. ಜೀವ ಉಳೀತು, ಡಿಸ್ಚಾರ್ಜ್ ಆಯ್ತು. ಕೈಗೆ ಒಂದು ಡಿಸ್ಚಾರ್ಜ್ ಸಮ್ಮರಿ ಕೊಡ್ತಾರೆ. ಅದರಲ್ಲಿ ಏನೇನಿರುತ್ತೆ? ಬಿಪಿ ಮಾತ್ರೆ, ರಕ್ತ ತೆಳುವಾಗೋ ಮಾತ್ರೆ, ಫಿಸಿಯೋಥೆರಪಿ, ಎರಡು ವಾರ ಬಿಟ್ಟು ಬನ್ನಿ. ಮೂಗಿನ ಟ್ಯೂಬಿನಲ್ಲಿ ಎಷ್ಟು ಎಂಎಲ್ ಗಂಜಿ ಹಾಕಬೇಕು ಅನ್ನೋದೂ ಇರುತ್ತೆ. ಆದರೆ ಇದನ್ನೆಲ್ಲ ಮಾಡೋ ವ್ಯಕ್ತಿ ಯಾರು, ಆಕೆಗೆ ಎಷ್ಟು ವಯಸ್ಸು, ಆಕೆಗೇ ಶುಗರ್ ಇದೆಯಾ, ಆಕೆ ಯಾವಾಗ ಮಲಗಬೇಕು ಅನ್ನೋ ಒಂದು ಸಾಲೂ ಆ ಹಾಳೆಯಲ್ಲಿ ಇರೋದಿಲ್ಲ. ಆಸ್ಪತ್ರೆಯಲ್ಲಿ ಮೂರು ಪಾಳಿಯಲ್ಲಿ ನರ್ಸ್‌ಗಳು, ಆಯಾಗಳು, ವಾರ್ಡ್‌ಬಾಯ್‌ಗಳು ಸೇರಿ ಮಾಡ್ತಿದ್ದ ಕೆಲಸ ಒಂದೇ ಮಧ್ಯಾಹ್ನದಲ್ಲಿ ಐವತ್ತೆಂಟು ವರ್ಷದ ಒಬ್ಬ ಹೆಂಗಸಿನ ತಲೆಗೆ ಬಂತು. ತರಬೇತಿ? ಬಿಲ್ ಕಟ್ಟಿ ಬರೋಷ್ಟರಲ್ಲಿ ಸಿಸ್ಟರ್ ಹತ್ತು ನಿಮಿಷ ತೋರಿಸಿಕೊಟ್ಟದ್ದು.

ಈಗ ಬರೀ ಮೈಯ ಲೆಕ್ಕ ನೋಡೋಣ. ಮಗ್ಗುಲು ಬದಲಿಸಲಾಗದ ರೋಗಿಯನ್ನು ಸುಮಾರು ಎರಡು ಗಂಟೆಗೊಮ್ಮೆ ಹೊರಳಿಸಬೇಕು. ಇಲ್ಲದಿದ್ದರೆ ಬೆನ್ನು, ಸೊಂಟ, ಹಿಮ್ಮಡಿಯಲ್ಲಿ ಬೆಡ್ ಸೋರ್ ಆಗುತ್ತೆ. ಎರಡು ಗಂಟೆಗೊಮ್ಮೆ ಅಂದರೆ ದಿನಕ್ಕೆ ಹನ್ನೆರಡು ಸಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರೊಳಗೇ ನಾಲ್ಕು ಸಲ. ರೋಗಿಯ ತೂಕ ಅರವತ್ತು, ಎಪ್ಪತ್ತು ಕೆಜಿ. ಅಮೆರಿಕದಲ್ಲಿ ಆಸ್ಪತ್ರೆ ಸಿಬ್ಬಂದಿಗಾಗಿ ಹಾಕಿಕೊಂಡಿರೋ ಲೆಕ್ಕದ ಪ್ರಕಾರ, ರೋಗಿಯನ್ನು ಎತ್ತುವಾಗ ಒಬ್ಬರ ಮೇಲೆ ಬೀಳೋ ಭಾರ ಸುಮಾರು 16 ಕೆಜಿ ದಾಟಬಾರದು. ದಾಟಿದರೆ ಯಂತ್ರ ಬಳಸಿ ಅಂತಾರೆ. ನಮ್ಮಲ್ಲಿ ಯಂತ್ರ ಎಲ್ಲಿ ಬರಬೇಕು ಸ್ವಾಮಿ? ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು "ಏಳೀಂದ್ರೆ" ಅಂತ ಎತ್ತೋದೇ. ಎರಡು ವರ್ಷ ಹೀಗೆ ಎತ್ತಿದ ಮೇಲೆ ಆ ಸೊಂಟ, ಆ ಮಂಡಿ ಏನಾಗಿರುತ್ತೆ ಅಂತ ಹೇಳೋಕೆ ಎಂಆರ್‌ಐ ಬೇಕಿಲ್ಲ.

ನಿದ್ದೆಯದ್ದು ಇನ್ನೊಂದು ಕಥೆ. ಆರು ಗಂಟೆ ಮಲಗಿದೆ ಅನ್ನೋದು ಬೇರೆ, ಒಂದೂವರೆ ಗಂಟೆಯ ನಾಲ್ಕು ತುಂಡು ಮಲಗಿದೆ ಅನ್ನೋದು ಬೇರೆ. ಕಿವಿ ಮಾತ್ರ ಎಚ್ಚರವಾಗಿರುತ್ತೆ. ಆ ಕಡೆ ಕೆಮ್ಮಿದರೆ ಈ ಕಡೆ ಎದ್ದು ಕೂರಬೇಕು. ಹೀಗೆ ಕಾವಲು ಕಾಯೋ ಮೈಯಲ್ಲಿ ಕಾರ್ಟಿಸೋಲ್ ಅನ್ನೋ ಹಾರ್ಮೋನಿನ ಏರಿಳಿತ ಹಳಿ ತಪ್ಪುತ್ತೆ. ಹುಲಿ ಕಂಡಾಗ ಓಡೋಕೆ ಅಂತ ದೇವರು ಇಟ್ಟ ವ್ಯವಸ್ಥೆ ಅದು. ಐದು ನಿಮಿಷದ ಓಟಕ್ಕೆ ಸರಿ. ಐದು ವರ್ಷ ಹುಲಿ ಪಕ್ಕದಲ್ಲೇ ಮಲಗಿದ್ದರೆ? ಬಿಪಿ ಏರುತ್ತೆ, ಶುಗರ್ ಕೈಗೆ ಸಿಗೋದಿಲ್ಲ, ಶೀತ-ಕೆಮ್ಮಿಗೆ ತಡೆಯೋ ಶಕ್ತಿ ಕಡಿಮೆ ಆಗುತ್ತೆ.

ಇದು ಊಹೆ ಅಲ್ಲ. 1995ರಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ಯೂನಿವರ್ಸಿಟಿಯಲ್ಲಿ ಜಾನಿಸ್ ಕೀಕೋಲ್ಟ್-ಗ್ಲೇಸರ್ ಮತ್ತು ಅವರ ತಂಡ ಒಂದು ಸರಳವಾದ ಪ್ರಯೋಗ ಮಾಡಿತು. ಮರೆವಿನ ಕಾಯಿಲೆ ಬಂದ ಮನೆಯವರನ್ನು ನೋಡಿಕೊಳ್ಳುತ್ತಿದ್ದ 13 ಹೆಂಗಸರು, ಅಂಥ ಜವಾಬ್ದಾರಿ ಇಲ್ಲದ ಅದೇ ವಯಸ್ಸಿನ 13 ಹೆಂಗಸರು. ಎಲ್ಲರ ಮುಂಗೈ ಮೇಲೆ ಮೂರೂವರೆ ಮಿಲಿಮೀಟರಿನ ಪುಟ್ಟ ಗಾಯ ಮಾಡಿ, ಅದು ಯಾವಾಗ ಮಾಯುತ್ತೆ ಅಂತ ದಿನ ಎಣಿಸಿದರು. ಜವಾಬ್ದಾರಿ ಇಲ್ಲದವರ ಗಾಯ ಸರಾಸರಿ 39 ದಿನಕ್ಕೆ ಮಾಯಿತು. ಆರೈಕೆ ಮಾಡೋರ ಗಾಯ ಮಾಯೋಕೆ ಸುಮಾರು 49 ದಿನ ಬೇಕಾಯ್ತು. ಒಂಬತ್ತು ದಿನಕ್ಕೂ ಹೆಚ್ಚು ತಡ. ಲ್ಯಾನ್ಸೆಟ್ ಅನ್ನೋ ಪ್ರಸಿದ್ಧ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾಯಿತು. ಮನಸ್ಸಿನ ದಣಿವು ಚರ್ಮದ ಮೇಲೆ ಬರೆದುಕೊಂಡಂತೆ ಕಂಡಿದ್ದು ಅಲ್ಲಿ.

2004ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಲಿಸ್ಸಾ ಎಪೆಲ್, ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತವರ ಸಂಗಡಿಗರು ತಾಯಂದಿರ ರಕ್ತ ಪರೀಕ್ಷೆ ಮಾಡಿದರು. ದೀರ್ಘ ಕಾಯಿಲೆಯ ಮಕ್ಕಳನ್ನು ಸಾಕುತ್ತಿದ್ದ ತಾಯಂದಿರು, ಆರೋಗ್ಯವಂತ ಮಕ್ಕಳ ತಾಯಂದಿರು, ಒಟ್ಟು 58 ಮಂದಿ. ನಮ್ಮ ಕ್ರೋಮೋಸೋಮುಗಳ ತುದಿಗೆ ಟೆಲೊಮಿಯರ್ ಅಂತ ಒಂದು ಕವಚ ಇರುತ್ತೆ. ಷೂ ಲೇಸಿನ ತುದಿಗೆ ಪ್ಲಾಸ್ಟಿಕ್ ತೊಡಿಸಿರ್ತಾರಲ್ಲ, ಹಾಗೆ. ವಯಸ್ಸಾದಂತೆ ಅದು ಸವೆಯುತ್ತೆ. ಎಷ್ಟು ಹೆಚ್ಚು ವರ್ಷ ಆರೈಕೆಯೋ ಅಷ್ಟು ಹೆಚ್ಚು ಸವೆತ. ಒತ್ತಡ ತೀರಾ ಹೆಚ್ಚಿದ್ದ ತಾಯಂದಿರ ಜೀವಕೋಶಕ್ಕೂ ಒತ್ತಡ ಕಡಿಮೆ ಇದ್ದವರ ಜೀವಕೋಶಕ್ಕೂ ಕನಿಷ್ಠ ಹತ್ತು ವರ್ಷದ ಅಂತರ. ಬ್ಲ್ಯಾಕ್‌ಬರ್ನ್ ಅವರಿಗೆ ಟೆಲೊಮಿಯರ್ ಕೆಲಸಕ್ಕಾಗಿಯೇ 2009ರಲ್ಲಿ ನೊಬೆಲ್ ಬಂತು. "ಮಗನನ್ನ ನೋಡ್ಕೊಂಡು ನೋಡ್ಕೊಂಡು ಅವಳೇ ಮುದುಕಿಯಾದ್ಲು" ಅಂತ ನಮ್ಮ ಹೆಂಗಸರು ಕಟ್ಟೆ ಮೇಲೆ ಕೂತು ಹೇಳ್ತಿದ್ದದ್ದಕ್ಕೆ ಪ್ರಯೋಗಾಲಯ ಮುದ್ರೆ ಒತ್ತಿತು ಅಷ್ಟೇ.

ಮೂರನೆಯದು 1999ರ ಅಧ್ಯಯನ. ಪಿಟ್ಸ್‌ಬರ್ಗ್‌ನ ರಿಚರ್ಡ್ ಶುಲ್ಜ್ ಮತ್ತು ಸ್ಕಾಟ್ ಬೀಚ್, ಕಾಯಿಲೆಯ ಗಂಡ ಅಥವಾ ಹೆಂಡತಿಯನ್ನು ನೋಡಿಕೊಳ್ಳುತ್ತಿದ್ದ ವಯಸ್ಸಾದವರನ್ನು ನಾಲ್ಕು ವರ್ಷ ಗಮನಿಸಿದರು. ಆರೈಕೆಯಿಂದ ಹೈರಾಣಾಗಿದ್ದೇವೆ ಅಂದವರಲ್ಲಿ ಸಾವಿನ ಅಪಾಯ, ಆ ಹೊರೆಯೇ ಇಲ್ಲದ ದಂಪತಿಗಳಿಗಿಂತ 63 ಶೇಕಡಾ ಹೆಚ್ಚಿತ್ತು.

ಈ 63 ಶೇಕಡಾ ಅನ್ನೋ ಸಂಖ್ಯೆ ವಾಟ್ಸಾಪ್‌ನಲ್ಲಿ ಸಿಕ್ಕಾಪಟ್ಟೆ ಓಡಾಡುತ್ತೆ. ಆರೈಕೆ ಮಾಡಿದರೆ ಬೇಗ ಸಾಯ್ತೀರಿ ಅನ್ನೋ ತಲೆಬರಹದ ಜೊತೆ. ಅದು ಅರ್ಧ ಸತ್ಯ. ಅದೇ ಅಧ್ಯಯನದಲ್ಲಿ, ಆರೈಕೆ ಮಾಡ್ತಿದ್ದರೂ ಹೈರಾಣಾಗದೇ ಇದ್ದವರಲ್ಲಿ ಸಾವಿನ ಅಪಾಯ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. 2013ರಲ್ಲಿ ಡೇವಿಡ್ ರಾಥ್ ಅನ್ನೋ ಸಂಶೋಧಕರ ತಂಡ ಮೂರೂವರೆ ಸಾವಿರ ಮಂದಿ ಆರೈಕೆದಾರರನ್ನು ಆರು ವರ್ಷ ಗಮನಿಸಿದಾಗ, ಅವರಲ್ಲಿ ಸಾವಿನ ಪ್ರಮಾಣ ಅವರಂಥದ್ದೇ ಬೇರೆಯವರಿಗಿಂತ 18 ಶೇಕಡಾ ಕಡಿಮೆಯೇ ಇತ್ತು! ಇದೇನಿದು ತದ್ವಿರುದ್ಧ ಅಂತೀರಾ? ವಿರುದ್ಧ ಅಲ್ಲ. ತನ್ನವರಿಗೆ ಆಸರೆಯಾಗಿದ್ದೇನೆ ಅನ್ನೋ ಭಾವ ಮನುಷ್ಯನನ್ನು ಗಟ್ಟಿ ಮಾಡುತ್ತೆ. ಎದ್ದು ಓಡಾಡಿಸುತ್ತೆ, ಬದುಕಿಗೆ ಒಂದು ಕಾರಣ ಕೊಡುತ್ತೆ. ಎರಡೂ ಅಧ್ಯಯನಗಳನ್ನು ಪಕ್ಕಪಕ್ಕ ಇಟ್ಟು ಓದಿದರೆ ನನಗೆ ಕಾಣೋದು ಇಷ್ಟು: ಸೇವೆ ಮನುಷ್ಯನನ್ನು ಕೊಲ್ಲೋದಿಲ್ಲ. ಬದಲಿ ಆಳಿಲ್ಲದ, ಬಿಡುವಿಲ್ಲದ, ಮುಗಿಯೋ ದಿನಾಂಕ ಗೊತ್ತಿಲ್ಲದ ಒಂಟಿ ಸೇವೆ ಕೊಲ್ಲುತ್ತೆ.

ಒಂದು ಫೋನ್ ಕಾಲ್ ಬಗ್ಗೆ ಹೇಳ್ತೀನಿ. ಡಿಮೆನ್ಷಿಯಾ, ಅಂದರೆ ಮರೆವಿನ ಕಾಯಿಲೆ ಬಗ್ಗೆ ಡಾಕ್ಟರನ್ನು ಕೂರಿಸಿಕೊಂಡು ಲೈವ್ ಮಾಡ್ತಿದ್ದೆವು. ಹಳೇ ಮೈಸೂರು ಕಡೆಯಿಂದ ಒಬ್ಬರು ಕರೆ ಮಾಡಿದರು. ಹೆಸರು ಬೇಡ. ಅತ್ತೆಗೆ ಐದು ವರ್ಷದಿಂದ ಮರೆವು. "ಸಾರ್, ಊಟ ಮಾಡಿಸಿ ಬಾಯಿ ಒರೆಸ್ತೀನಿ. ಹತ್ತು ನಿಮಿಷಕ್ಕೆ ಪಕ್ಕದ ಮನೆಯವರನ್ನ ಕರೆದು ನನಗೆ ಊಟಾನೇ ಹಾಕಲ್ಲ ಇವಳು ಅಂತಾರೆ. ನನ್ನ ಬಳೆ ಕದ್ದವಳೇ ಅಂತಾರೆ. ನಮ್ಮ ಯಜಮಾನ್ರ ಅಕ್ಕ ಹಬ್ಬಕ್ಕೆ ಬಂದಾಗ ಮಾತ್ರ ಅವರಿಗೆ ಎಲ್ಲ ನೆನಪಿರುತ್ತೆ, ಚೆನ್ನಾಗಿ ಮಾತಾಡ್ತಾರೆ. ಅಮ್ಮ ಚೆನ್ನಾಗೇ ಇದಾರಲ್ಲ, ನೀನ್ಯಾಕೆ ಹಿಂಗೆ ಇಳಿದು ಹೋಗಿದೀಯ ಅಂತ ನನ್ನೇ ಕೇಳ್ತಾರೆ." ಡಾಕ್ಟರು ವಿವರಿಸಿದರು. ಬಳೆ ಕದ್ದಳು, ಊಟ ಹಾಕಲಿಲ್ಲ ಅನ್ನೋದು ಕಾಯಿಲೆಯ ಲಕ್ಷಣ. ಇಟ್ಟ ಜಾಗ ಮರೆತ ಮಿದುಳು ಒಂದು ಕಾರಣ ಹುಡುಕುತ್ತೆ, ಹತ್ತಿರ ಇರೋರ ಮೇಲೇ ಅದು ಬೀಳುತ್ತೆ. ಹೆಚ್ಚು ಆರೈಕೆ ಮಾಡೋರಿಗೇ ಹೆಚ್ಚು ಬೈಗುಳ. ಅಪರೂಪಕ್ಕೆ ಬಂದವರ ಮುಂದೆ ಒಂದರ್ಧ ಗಂಟೆ ಮಿದುಳು ಶಕ್ತಿಯೆಲ್ಲ ಒಟ್ಟುಗೂಡಿಸಿ ಚೆನ್ನಾಗಿ ನಡೆದುಕೊಳ್ಳೋದೂ ಸಾಮಾನ್ಯ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಆಕೆ ಕೇಳಿದ್ದು ಒಂದೇ. "ಹಂಗಾದ್ರೆ ನಾನು ಕೆಟ್ಟವಳಲ್ವಾ ಸಾರ್?"

ಐದು ವರ್ಷ ಬಾಯಿ ಒರೆಸಿದ ಹೆಣ್ಣುಮಗಳಿಗೆ ಇದ್ದ ಅನುಮಾನ ಇದು.

ಆರೈಕೆ ಮಾಡೋರ ಮನಸ್ಸಿನಲ್ಲಿ ಇಂಥ ಹೇಳಿಕೊಳ್ಳಲಾಗದ ಮಾತು ಬಹಳ ಇರುತ್ತೆ. ಸಿಟ್ಟು ಬರುತ್ತೆ, ಸಿಟ್ಟು ಬಂತಲ್ಲ ಅಂತ ತಪ್ಪಿತಸ್ಥ ಭಾವ ಬರುತ್ತೆ. "ದೇವರು ಇವರನ್ನ ಬೇಗ ಕರ್ಕೊಂಡ್ರೆ ಸಾಕು" ಅಂತ ಒಂದು ಕ್ಷಣ ಅನಿಸುತ್ತೆ, ಮರುಕ್ಷಣ ಕೆನ್ನೆ ಬಡ್ಕೊಂಡು ದೇವರ ಮುಂದೆ ದೀಪ ಹಚ್ಚುತ್ತಾರೆ. ಬದುಕಿರೋ ಮನುಷ್ಯನಿಗಾಗಿ ಒಳಗೊಳಗೇ ದುಃಖ ನಡೀತಿರುತ್ತೆ. ಗಂಡ ಎದುರಿಗೇ ಕೂತಿದ್ದಾನೆ, ಆದರೆ ನಲವತ್ತು ವರ್ಷ ಜೊತೆಗಿದ್ದ ಆ ಮನುಷ್ಯ ಅಲ್ಲಿಲ್ಲ. ಸತ್ತರೆ ಅಳೋಕೆ ಹದಿಮೂರು ದಿನ ಇದೆ, ನೆಂಟರು ಬರ್ತಾರೆ. ಹೀಗೆ ಇದ್ದೂ ಇಲ್ಲದಾದವರಿಗೆ ಯಾವ ತಿಥಿ? ಅಮೆರಿಕದ ಪಾಲಿನ್ ಬಾಸ್ ಅನ್ನೋ ಮನಃಶಾಸ್ತ್ರಜ್ಞೆ ಇಂಥ ನಷ್ಟದ ಬಗ್ಗೆಯೇ ಜೀವಮಾನವಿಡೀ ಅಧ್ಯಯನ ಮಾಡಿದ್ದಾರೆ. ಜೊತೆಗೆ ಮದುವೆ-ಮುಂಜಿಗೆ ಹೋಗೋದು ನಿಲ್ಲುತ್ತೆ, ಸ್ನೇಹಿತೆಯರು ಫೋನ್ ಮಾಡೋದು ಬಿಡ್ತಾರೆ, ಕೆಲಸ ಬಿಟ್ಟಿದ್ದರೆ ಸ್ವಂತ ದುಡಿಮೆಯೂ ಇಲ್ಲ. ಖಿನ್ನತೆ ಅಂದರೆ ಡಿಪ್ರೆಶನ್ ಬಾಗಿಲು ತಟ್ಟಿ ಬರೋದಿಲ್ಲ. ಅದು ಹೀಗೆ ಒಂದೊಂದೇ ಕಿಟಕಿ ಮುಚ್ಚುತ್ತಾ ಬರುತ್ತೆ.

ಈ ಆರೈಕೆದಾರರು ಎಷ್ಟು ಜನ ಇರಬಹುದು? ಬರೀ ಡಿಮೆನ್ಷಿಯಾ ತಗೊಂಡರೆ, 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಂದಾಜಿನ ಪ್ರಕಾರ 60 ದಾಟಿದ ಭಾರತೀಯರಲ್ಲಿ 7.4 ಶೇಕಡಾ ಮಂದಿಗೆ ಅದಿದೆ. ಸುಮಾರು 88 ಲಕ್ಷ. ಒಬ್ಬೊಬ್ಬರ ಹಿಂದೆ ಕನಿಷ್ಠ ಒಬ್ಬರು ನಿಂತಿದ್ದಾರೆ. ಇದಕ್ಕೆ ಸ್ಟ್ರೋಕ್, ಕ್ಯಾನ್ಸರ್, ಪಾರ್ಕಿನ್ಸನ್, ಬುದ್ಧಿಮಾಂದ್ಯ ಮಕ್ಕಳು, ಸ್ಕಿಜೋಫ್ರೇನಿಯಾ ಸೇರಿಸಿ. ಆ ನಿಂತವರು ಯಾರು ಅನ್ನೋದಕ್ಕೂ ಸರ್ಕಾರದ ಲೆಕ್ಕ ಇದೆ. 2024ರ ಸಮಯ ಬಳಕೆ ಸಮೀಕ್ಷೆಯಲ್ಲಿ, 15ರಿಂದ 59 ವಯಸ್ಸಿನ ಹೆಂಗಸರಲ್ಲಿ 41 ಶೇಕಡಾ ಮಂದಿ ಮನೆಯವರ ಆರೈಕೆಯಲ್ಲಿ ತೊಡಗಿದ್ದರು, ದಿನಕ್ಕೆ ಸುಮಾರು 140 ನಿಮಿಷ. ಗಂಡಸರಲ್ಲಿ 21 ಶೇಕಡಾ, ಅದೂ 74 ನಿಮಿಷ. ಮಕ್ಕಳ ಲಾಲನೆಯೂ ಇದರಲ್ಲಿ ಸೇರಿದೆ ಅನ್ನೋದು ನಿಜ. ಆದರೂ ತಕ್ಕಡಿ ಯಾವ ಕಡೆ ವಾಲಿದೆ ಅಂತ ಗೊತ್ತಾಗುತ್ತಲ್ಲ? ಶ್ರವಣಕುಮಾರ ಅಂತ ಹೆಸರು ಮಗನಿಗೆ. ಕಾವಡಿ ಮಾತ್ರ ಸೊಸೆಯ ಹೆಗಲ ಮೇಲೆ.

ಹಾಗಾದರೆ ದೀರ್ಘಕಾಲದ ಆರೈಕೆ ಯಾರನ್ನೂ ಮುರಿಯದೆ ನಡೆಯೋದು ಸಾಧ್ಯವೇ ಇಲ್ವಾ? ನಮ್ಮ ಉತ್ತರ ಕನ್ನಡದ ಹಳದೀಪುರದ ಹೆಣ್ಣುಮಗಳು ಅರುಣಾ ಶಾನಭಾಗರನ್ನು ನೆನಪು ಮಾಡಿಕೊಳ್ಳಿ. ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಆಸ್ಪತ್ರೆಯ ಒಳಗೇ ಅವರ ಮೇಲೆ ಭೀಕರ ದಾಳಿ ನಡೆದು, ಮತ್ತೆ ಏಳಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳೋವರೆಗೆ, ಹತ್ತಿರ ಹತ್ತಿರ 42 ವರ್ಷ, ಅದೇ ಆಸ್ಪತ್ರೆಯ ನರ್ಸ್‌ಗಳು ಅವರನ್ನು ನೋಡಿಕೊಂಡರು. ತಲೆಮಾರು ಬದಲಾಯಿತು, ಆರೈಕೆ ಬದಲಾಗಲಿಲ್ಲ. ದಯಾಮರಣದ ಅರ್ಜಿ ಸುಪ್ರೀಂ ಕೋರ್ಟಿಗೆ ಹೋದಾಗ, 2011ರ ತೀರ್ಪಿನಲ್ಲಿ ನ್ಯಾಯಾಲಯ ಆ ಸಿಬ್ಬಂದಿಯನ್ನು ಮನಸಾರೆ ಹೊಗಳಿತು. ಅವಳ ಪರವಾಗಿ ಮಾತಾಡೋ ಹಕ್ಕು ಇಷ್ಟು ವರ್ಷ ನೋಡಿಕೊಂಡ ಇವರದ್ದೇ ಅಂತಲೂ ಹೇಳಿತು. ದಯಾಮರಣದ ಚರ್ಚೆಯಲ್ಲಿ ನಾವೆಲ್ಲ ಮುಳುಗಿಹೋದೆವು. ಆದರೆ ಈ ಪ್ರಕರಣದಲ್ಲಿ ನನಗೆ ದೊಡ್ಡದಾಗಿ ಕಾಣೋದು ಇನ್ನೊಂದು ಸಂಗತಿ. ಆ ನರ್ಸ್‌ಗಳಿಗೆ ಪ್ರೀತಿ ಇತ್ತು, ನಿಜ. ಅದರ ಜೊತೆಗೆ ಡ್ಯೂಟಿ ಚಾರ್ಟ್ ಇತ್ತು. ಪಾಳಿ ಮುಗಿದಾಗ ಮನೆಗೆ ಹೋಗ್ತಿದ್ದರು. ವಾರದ ರಜೆ ಇತ್ತು, ಸಂಬಳ ಇತ್ತು, ಎತ್ತೋಕೆ ಇನ್ನೊಬ್ಬರ ಕೈ ಇತ್ತು. 42 ವರ್ಷ ಒಬ್ಬರೇ ಮಾಡಬೇಕಿದ್ದರೆ? ಮನೆಯಲ್ಲಿ ಪ್ರೀತಿಗೆ ಕೊರತೆ ಇಲ್ಲ. ಡ್ಯೂಟಿ ಚಾರ್ಟ್ ಇಲ್ಲ.

ನಮ್ಮ ದೇಶದಲ್ಲೇ ಇದನ್ನು ಬಹಳ ಹಿಂದೆ ಅರ್ಥ ಮಾಡಿಕೊಂಡವರಿದ್ದರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾ ಸಾಗರ್, ರೋಗಿಗಳ ಮನೆಯವರನ್ನೂ ಆವರಣದಲ್ಲೇ ಟೆಂಟು ಹಾಕಿ ಉಳಿಸಿಕೊಂಡರು. ಕಾಯಿಲೆ ಅಂದರೇನು, ಮನೆಗೆ ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕು ಅಂತ ಅವರಿಗೂ ಕಲಿಸಿದರು. ಪಕ್ಕದ ಗೋವಾದಲ್ಲಿ ಒಂದು ಪ್ರಯೋಗ ನಡೆದು 2008ರಲ್ಲಿ ಪ್ರಕಟವಾಯಿತು. ಡಿಮೆನ್ಷಿಯಾ ರೋಗಿಗಳಿದ್ದ 81 ಕುಟುಂಬಗಳು. ಡಾಕ್ಟರಲ್ಲದ, ತರಬೇತಿ ಪಡೆದ ಸ್ಥಳೀಯರೇ ಅರ್ಧದಷ್ಟು ಮನೆಗಳಿಗೆ ಹೋಗಿ ಕಾಯಿಲೆ ವಿವರಿಸೋದು, ರಾತ್ರಿ ಗಲಾಟೆ ಮಾಡಿದರೆ ಏನು ಮಾಡಬೇಕು ಅಂತ ಹೇಳಿಕೊಡೋದು, ಸರ್ಕಾರಿ ಸೌಲಭ್ಯ ಕೊಡಿಸೋದು, ಸುಮ್ಮನೆ ಕೂತು ಕೇಳಿಸಿಕೊಳ್ಳೋದು ಮಾಡಿದರು. ಆರು ತಿಂಗಳಲ್ಲಿ ಆ ಮನೆಗಳ ಆರೈಕೆದಾರರ ಮನಸ್ಸಿನ ಆರೋಗ್ಯ ಎದ್ದು ಕಾಣುವಂತೆ ಸುಧಾರಿಸಿತು. ಕೋಟಿಗಟ್ಟಲೆ ಖರ್ಚಿನ ಕಟ್ಟಡ ಬೇಕಾಗಲಿಲ್ಲ.

ನ್ಯೂಯಾರ್ಕಿನ ಮೇರಿ ಮಿಟಲ್‌ಮನ್ ಅವರ ಅಧ್ಯಯನ ಇನ್ನೂ ಕುತೂಹಲದ್ದು. ಅಲ್ಜೈಮರ್ ರೋಗಿಗಳ ಸಂಗಾತಿಗಳು 406 ಮಂದಿ. ಅರ್ಧ ಜನರಿಗೆ ಆರು ಸಲ ಕೌನ್ಸೆಲಿಂಗ್, ಆಮೇಲೆ ಬೇಕೆಂದಾಗ ಫೋನ್ ಮಾಡೋಕೆ ಒಬ್ಬರು. ಆ ಆರು ಸಭೆಗಳಲ್ಲಿ ಎರಡು ಮಾತ್ರ ಆರೈಕೆದಾರರೊಬ್ಬರ ಜೊತೆ. ಉಳಿದ ನಾಲ್ಕು ಇಡೀ ಕುಟುಂಬದ ಜೊತೆ! ಅಣ್ಣ, ತಂಗಿ, ಮಗ, ಮಗಳು ಎಲ್ಲರನ್ನೂ ಕೂರಿಸಿ ಯಾರು ಏನು ಮಾಡ್ತೀರಿ ಅಂತ ಕೇಳೋದು. ಫಲ ಏನಾಯ್ತು ಗೊತ್ತಾ? ರೋಗಿಯನ್ನು ನರ್ಸಿಂಗ್ ಹೋಮಿಗೆ ಸೇರಿಸೋ ದಿನ 557 ದಿನ ಮುಂದಕ್ಕೆ ಹೋಯಿತು. ಒಂದೂವರೆ ವರ್ಷ. ಆರೈಕೆ ಮಾಡೋರನ್ನು ನೋಡಿಕೊಂಡರೆ ರೋಗಿಗೇ ಲಾಭ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಕಾನೂನು ಏನು ಹೇಳುತ್ತೆ ಅಂತ ನೋಡಿ. ನಮ್ಮಲ್ಲಿ ಹೆತ್ತವರ ಪೋಷಣೆಗೆ 2007ರ ಕಾಯ್ದೆ ಇದೆ. ಹಿರಿಯರನ್ನು ಎಲ್ಲೋ ಬಿಟ್ಟುಹೋದವರಿಗೆ ಮೂರು ತಿಂಗಳವರೆಗೆ ಜೈಲು, ಅಥವಾ ದಂಡ. ಸರಿ. ಬಿಟ್ಟುಹೋಗದವರಿಗೆ? ಆ ಕಾಯ್ದೆಯಲ್ಲಿ ಅವರಿಗೆ ಏನೂ ಇಲ್ಲ. ಮತ್ತೆ ಟಿವಿಯ ಕಥೆಯೇ ನೋಡಿ ಇದು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಸ್ವಲ್ಪ ವಾಸಿ. ಆರೈಕೆದಾರ ಅಂದರೆ ಯಾರು ಅಂತ ವ್ಯಾಖ್ಯಾನ ಕೊಟ್ಟಿದೆ, ಸಂಬಳವಿಲ್ಲದೆ ಮಾಡೋ ಅಪ್ಪ-ಅಮ್ಮ, ಮನೆಯವರೂ ಅದರಲ್ಲಿ ಸೇರ್ತಾರೆ ಅಂತ ಬರೆದಿದೆ. ಹೆಚ್ಚು ನೆರವು ಬೇಕಾದವರಿಗೆ ಆರೈಕೆ ಭತ್ಯೆ ಕೊಡೋ ಯೋಜನೆ ಮಾಡಿ ಅಂತ ಸರ್ಕಾರಗಳಿಗೆ ಹೇಳಿದೆ. ಕೇರಳ ಆಶ್ವಾಸಕಿರಣಂ ಅಂತ ಯೋಜನೆ ಮಾಡಿ, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳೋರಿಗೆ ತಿಂಗಳಿಗೆ 600 ರೂಪಾಯಿ ಗೊತ್ತು ಮಾಡಿತು. ಆರು ನೂರಕ್ಕೆ ಡಯಾಪರ್ ಕೂಡ ತಿಂಗಳು ಪೂರ್ತಿ ಬರೋದಿಲ್ಲ ಅನ್ನಿ. ಆದರೂ "ನೀನೊಬ್ಬಳು ಇದ್ದೀಯ ಅಂತ ಸರ್ಕಾರಕ್ಕೆ ಗೊತ್ತು" ಅನ್ನೋ ಮಾತು ಅದರಲ್ಲಿದೆ.

ಹೊರಗಿನವರು ಎಷ್ಟು ದೂರ ಹೋಗಿದ್ದಾರೆ? ಜರ್ಮನಿ 1995ರಲ್ಲಿ ಆರೈಕೆ ವಿಮೆ ತಂದಿತು. ಮನೆಯವರೇ ಆರೈಕೆ ಮಾಡಿದರೆ ನಗದು ನೆರವು, ಅವರ ಪಿಂಚಣಿ ಖಾತೆಗೂ ವಿಮೆಯಿಂದಲೇ ಹಣ. ಜಪಾನ್ 2000ದಲ್ಲಿ ತಂದಿತು. ಅಲ್ಲಿ 40 ದಾಟಿದ ಎಲ್ಲರೂ ಕಂತು ಕಟ್ಟಬೇಕು. ಕೆಲಸಕ್ಕೆ ಹೋಗೋರಿಗೆ ಮನೆಯವರೊಬ್ಬರ ಆರೈಕೆಗೆ ಅಂತ 93 ದಿನದವರೆಗೆ ರಜೆ. ಬ್ರಿಟನ್‌ದು ಮಾತ್ರ ಮಜವಾದ ಕಥೆ. 1976ರಲ್ಲೇ ಆರೈಕೆದಾರರಿಗೆ ಭತ್ಯೆ ತಂದರು, ಆದರೆ ಮದುವೆಯಾದ ಹೆಂಗಸರಿಗೆ ಮಾತ್ರ ಇಲ್ಲ ಅಂದರು. ಯಾಕೆ? ಅವಳು ಹೇಗೂ ಮನೆಯಲ್ಲೇ ಇರ್ತಾಳಲ್ಲ! ಜಾಕ್ವೆಲಿನ್ ಡ್ರೇಕ್ ಅನ್ನೋ ಗೃಹಿಣಿ ಕೆಲಸ ಬಿಟ್ಟು ತಾಯಿಯನ್ನು ನೋಡಿಕೊಳ್ಳುತ್ತಿದ್ದರು. ಆಕೆಯ ಮೊಕದ್ದಮೆ ಯುರೋಪಿನ ನ್ಯಾಯಾಲಯದವರೆಗೆ ಹೋಗಿ, 1986ರಲ್ಲಿ ಆ ನಿಯಮ ಬಿದ್ದುಹೋಯಿತು. "ಹೇಗೂ ಮನೆಯಲ್ಲೇ ಇರ್ತಾಳಲ್ಲ" ಅನ್ನೋ ವಾದ ನಮ್ಮ ಮನೆಗಳಲ್ಲಿ ಇನ್ನೂ ಬಿದ್ದಿಲ್ಲ.

ಸರ್ಕಾರ ಮಾಡೋವರೆಗೆ ಕಾಯಬೇಕಾ? ಬೇಡ. ಸ್ಟೀವನ್ ಜಾರಿಟ್ ಅನ್ನೋ ವಿಜ್ಞಾನಿ ಆರೈಕೆದಾರರ ಹೊರೆ ಅಳೆಯೋಕೆ ಪ್ರಶ್ನೆಗಳ ಪಟ್ಟಿ ಮಾಡಿದ್ದಾರೆ. 22 ಪ್ರಶ್ನೆಯದ್ದು ಹೆಚ್ಚು ಬಳಕೆಯಲ್ಲಿದೆ. ಅಷ್ಟೆಲ್ಲ ಬೇಡ, ನಾಲ್ಕೈದು ಸಾಕು. ನಿಮ್ಮ ಬಿಪಿ-ಶುಗರ್ ಕೊನೆಗೆ ಚೆಕ್ ಮಾಡಿಸಿದ್ದು ಯಾವಾಗ? ಅವರ ಮಾತ್ರೆ ತಪ್ಪದೆ ಕೊಟ್ಟು ನಿಮ್ಮದು ಮರೆತದ್ದು ಎಷ್ಟು ದಿನ? ಹಗಲಲ್ಲಿ ಕಾರಣವಿಲ್ಲದೆ ಅಳು ಬರುತ್ತಾ? ಕೈ ಎತ್ತಬೇಕು ಅನ್ನುವಷ್ಟು ಸಿಟ್ಟು ಬಂದಿದೆಯಾ? ಈ ಕೊನೆಯ ಪ್ರಶ್ನೆಗೆ ಹೌದು ಅಂತಾದರೆ ನೀವು ಕೆಟ್ಟವರು ಅಂತ ಅಲ್ಲ, ಮಿತಿ ಮುಟ್ಟಿದ್ದೀರಿ ಅಂತ. ಅವತ್ತೇ ಯಾರಿಗಾದರೂ ಹೇಳಬೇಕು. ರೋಗಿಯನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋದಾಗ "ನನ್ನದೂ ಒಂದು ಬಿಪಿ ನೋಡಿ ಸಾರ್" ಅನ್ನಿ. ಇದಕ್ಕೆ ನಾಚಿಕೆ ಬೇಡ. ಎತ್ತುವ, ಹೊರಳಿಸುವ ವಿಧಾನವನ್ನು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ ಕಲಿಯಿರಿ. ಹಾಸಿಗೆ ಕೆಳಗಿನ ಬೆಡ್‌ಶೀಟ್ ಹಿಡಿದು ಇಬ್ಬರು ಸೇರಿ ಸರಿಸೋದನ್ನು ಕಲಿತರೆ ಅರ್ಧ ಸೊಂಟ ಉಳಿಯುತ್ತೆ.

ಇನ್ನು ಬೆಂಗಳೂರಲ್ಲೋ ಅಮೆರಿಕದಲ್ಲೋ ಇರೋ ಅಣ್ಣ-ತಮ್ಮ-ಅಕ್ಕಂದಿರಿಗೆ. ದುಡ್ಡು ಕಳಿಸ್ತೀರಿ, ಒಳ್ಳೇದು. ಅದು ಬೇಕು. ವಿಡಿಯೋ ಕಾಲ್‌ನಲ್ಲಿ "ಅಮ್ಮ ಯಾಕೆ ಸೊರಗಿದ್ದಾರೆ" ಅಂತ ಕೇಳ್ತೀರಿ. ಕ್ಯಾಮೆರಾ ಹಿಡಿದಿರೋಳ ಮುಖ ಒಂದ್ಸಲ ತೋರಿಸೋಕೆ ಹೇಳಿ. ಸಲಹೆ ಕೊಡೋ ಬದಲು ತಾರೀಖು ಕೊಡಿ. ಏಪ್ರಿಲ್ ಹತ್ತರಿಂದ ಇಪ್ಪತ್ತೈದರವರೆಗೆ ನಾನು ಬಂದಿರ್ತೀನಿ, ಅಷ್ಟು ದಿನ ನೀವು ಗಂಡ-ಹೆಂಡತಿ ಎಲ್ಲಾದರೂ ಹೋಗಿಬನ್ನಿ ಅನ್ನಿ. ಊರಲ್ಲೇ ಇರೋರು ಭಾನುವಾರ ಮಧ್ಯಾಹ್ನ ಮೂರು ಗಂಟೆ ಬನ್ನಿ. ಬಂದು ಕಾಫಿ ಕೇಳಬೇಡಿ, ನೀವೇ ಮಾಡಿಕೊಡಿ. ಆಕೆ ಮಲಗಲಿ.

ಯಾರೂ ಇಲ್ಲ, ಹೇಳಿಕೊಳ್ಳೋಕೆ ಒಂದು ಕಿವಿಯೂ ಇಲ್ಲ ಅನ್ನೋರಿಗೆ ಎರಡು ನಂಬರು ಬರೆದಿಟ್ಟುಕೊಳ್ಳಿ. ಟೆಲಿ ಮನಸ್, 14416. 2022ರ ಅಕ್ಟೋಬರಿನಿಂದ ನಡೀತಿರೋ ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ, ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ರಾತ್ರಿ ಎರಡು ಗಂಟೆಗೆ ಅತ್ತೆಯನ್ನು ಹೊರಳಿಸಿ ನಿದ್ದೆ ಬಾರದೆ ಕೂತಾಗಲೂ ಕನ್ನಡದಲ್ಲಿ ಮಾತಾಡ್ತಾರೆ. ಇನ್ನೊಂದು ಹಿರಿಯರ ಸಹಾಯವಾಣಿ, 14567. ಫ್ರಿಜ್ಜಿನ ಮೇಲೆ ಅಂಟಿಸಿರೋ ಮಾತ್ರೆ ಪಟ್ಟಿಯ ಪಕ್ಕದಲ್ಲೇ ಬರೆದುಕೊಳ್ಳಿ.